ಮಳೆಯ ಕೋಷ್ಟಕ

ಜುಲೈ ತಿಂಗಳ ಆ ಶನಿವಾರ ಬೆಳಿಗ್ಗೆ ಆಸ್ಟ್ರೇಲಿಯದ ಟೌನ್ಸ್‌ವಿಲ್ಲಿನ ಮೇಲೆ ಮೋಡದ ಒಂದು ಎಳೆಯೂ ಇರಲಿಲ್ಲ. ಲೆಸ್ಟರ್ ಪೆಂಗೆಲಿ ಮಾತ್ರ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಮಳೆಯ ಚಿಂತೆಯಲ್ಲಿ ಕೂತಿದ್ದ. ನಕ್ಷೆ ನ್ಯೂಗಿನಿಯ ಬೆಟ್ಟಸಾಲಿನದು. ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳಾಗಿ ಒಡೆದದ್ದು. ಕಾಡಿನ ಮನೆಗೆ ಕಡು ಹಸಿರು, ಏರಿನ ಮನೆಗೆ ಕಂದು, ಹೊಳೆ ದಾಟುವ ಅಂಚಿಗೆ ನೀಲಿ ಗೆರೆ, ಇವೆಲ್ಲದರ ನಡುವೆ ಒಂದು ಸಪೂರ ಕಾಲುದಾರಿ. ಎರಡನೇ ಮಹಾಯುದ್ಧದಲ್ಲಿ ಈ ಕಾಲುದಾರಿಗಾಗಿ ಜಪಾನಿನವರೂ ಆಸ್ಟ್ರೇಲಿಯದವರೂ ಕೆಸರಿನಲ್ಲಿ ಬಿದ್ದು ಸತ್ತಿದ್ದರು. ಲೆಸ್ಟರ್ ಅದನ್ನು ಇಬ್ಬರು ಎದುರುಬದುರು ಕೂತು ಆಡುವ ಆಟವಾಗಿ ಮಾಡುತ್ತಿದ್ದ. ರೈಲ್ವೆಯಲ್ಲಿ ಸರ್ವೆಯವನಾಗಿ ದುಡಿದವನಿಗೆ ನೆಲದ ಏರಿಳಿತ ಕೈಗೆ ಹತ್ತಿದ ವಿದ್ಯೆ. ಹಿಂದೆ ಮಾಡಿದ ಯುದ್ಧದಾಟಗಳಲ್ಲಿ ಹಿಮವನ್ನೂ ಮರಳುಗಾಳಿಯನ್ನೂ ನಿಯಮಗಳಿಗೆ ಬಗ್ಗಿಸಿದ್ದಕ್ಕೆ ಆಡುವವರ ನಡುವೆ ಅವನಿಗೊಂದು ಹೆಸರಿತ್ತು. ಈ ಆಟದ ಜೀವ ಮಳೆ. ಪ್ರತಿ ಸರದಿಗೆ ಮೊದಲು ದಾಳ ಹಾಕಿ ಹವೆ ಹೇಗೆಂದು ಗೊತ್ತುಮಾಡಬೇಕು. ಜಡಿಮಳೆ ಬಿತ್ತೆಂದರೆ ವಿಮಾನದಿಂದ ಸಾಮಾನು ಇಳಿಯುವುದಿಲ್ಲ. ಏರು ಹತ್ತುವ ತುಕಡಿ ಅರ್ಧ ದಾರಿಗೇ ನಿಲ್ಲುತ್ತದೆ. ಫಿರಂಗಿಯ ಗುಂಡು ಕೆಸರಿನಲ್ಲಿ ಹೂತು ಸಿಡಿಯದೆ ಹೋಗುತ್ತದೆ. ನಾಲ್ಕು ಮಾರು ಆಚೆ ಏನೂ ಕಾಣದಿರುವುದರಿಂದ ಬಂದೂಕಿನ ಬಲ ಕುಗ್ಗುತ್ತದೆ, ಆದರೆ ಸದ್ದಿಲ್ಲದೆ ಹಿಂದಿನಿಂದ ಸುತ್ತುವರಿಯುವವನಿಗೆ ಅದೇ ವರ. ಇಷ್ಟರ ಬಗ್ಗೆ ಲೆಸ್ಟರ್‌ಗೆ ಅನುಮಾನವಿರಲಿಲ್ಲ. ಸೈನಿಕರ ಅಕ್ಕಿ, ಗುಂಡು ಹೊರುವ ಪಾಪುವಾ ನಾಡಿನ ಹೊರೆಯಾಳುಗಳಿಗೂ ಆಟದಲ್ಲಿ ಕಂದು ಬಿಲ್ಲೆಗಳಿದ್ದವು. ಜಡಿಮಳೆಯಲ್ಲಿ ಅವರನ್ನು ಏರು ಹತ್ತಿಸಿದರೆ ಒಂದೊಂದು ಬಿಲ್ಲೆಗೂ ದಾಳ ಹಾಕಬೇಕಿತ್ತು. ಕಡಿಮೆ ಬಿದ್ದರೆ ಬಿಲ್ಲೆ ಸತ್ತವರ ಪೆಟ್ಟಿಗೆಗೆ. ನಿನ್ನೆ ಸಂಜೆ ಅವನು ಆ ನಿಯಮವನ್ನು ಕಿತ್ತುಹಾಕಿ ಹಾಳೆಯನ್ನು ಹೊಸದಾಗಿ ಮುದ್ರಿಸಿಕೊಂಡಿದ್ದ. ಇವತ್ತು ಆಡಲು ಬರುವವನು ಬಾರ್ನಬಾಸ್.

ಹೆಂಡತಿ ಥೀಯಾ ಚಹಾ ತಂದು, ಲೋಟ ಇಡಲು ಜಾಗ ಹುಡುಕಿ, ಕೊನೆಗೆ ನಕ್ಷೆಯ ಸಮುದ್ರದ ಮೇಲೆ ಇಟ್ಟಳು.

"ಅಲ್ಲಿ ಬೇಡ, ಕಲೆ ಆಗತ್ತೆ."

"ಸಮುದ್ರ ತಾನೇ, ನೆನೆದ್ರೆ ಏನಂತೆ?" ಎನ್ನುತ್ತ ಲೋಟ ಎತ್ತಿ ಅವನ ಕೈಗೇ ಕೊಟ್ಟಳು. "ರಾತ್ರಿಯೆಲ್ಲಾ ಹೊರಳಾಡ್ತಿದ್ದೆ. ಜಪಾನಿನೋರು ಮತ್ತೆ ಗೆದ್ಬಿಟ್ರಾ?"

"ಒಂದು ನಿಯಮ ತೆಗೆದೆ. ಹೊರೆಯಾಳುಗಳು ಸಾಯೋದು."

"ಬಾರ್ನಬಾಸ್‌ಗೆ ಬೇಜಾರಾಗತ್ತೆ ಅಂತಾನಾ?"

"ಅವನ ತಾತ ಆ ದಾರೀಲಿ ಹೊರೆ ಹೊತ್ತೋನು, ಥೀಯಾ. ಮೊಮ್ಮಗನ ಕೈಲೇ ದಾಳ ಹಾಕಿಸಿ, ಇಗೋ ಸತ್ತ, ಪೆಟ್ಟಿಗೆಗೆ ಹಾಕು ಅನ್ನೋಕೆ ನಂಗೆ ಬಾಯಿ ಬರತ್ತಾ?"

"ಸೈನಿಕರು ಸತ್ರೆ ಬರತ್ತೆ." ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. "ನಿಮ್ಮಪ್ಪನೂ ಅಲ್ಲಿ ಇದ್ದೋರೇ ಅಲ್ವಾ, ಅದಕ್ಕೆ ಕೇಳ್ದೆ."

ಅವಳು ಒಳಗೆ ಹೋದಳು. ಚಹಾ ಬಿಸಿಯಾಗಿತ್ತು. ಅಪ್ಪ ಚಹಾವನ್ನು ಆರಿಸಿ ತಣ್ಣಗಾದ ಮೇಲೆಯೇ ಕುಡಿಯುತ್ತಿದ್ದ, ಮಳೆಗಾಲದಲ್ಲಿ ಮಾತ್ರ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯತೊಡಗಿದರೆ ಊಟದ ನಡುವೆ ಚಮಚ ಕೆಳಗಿಟ್ಟು, ತೊಡೆಯ ಹಳೆಯ ಗಾಯದ ಮೇಲೆ ಅಂಗೈ ಊರಿ, ಸದ್ದು ನಿಲ್ಲುವ ತನಕ ಹಾಗೇ ಕೂತಿರುತ್ತಿದ್ದ. ಗುಂಡು ತಗುಲಿದ ಅವನನ್ನು ಕಂಬಳಿಗೆ ಕೋಲು ಕಟ್ಟಿ, ಎದೆಮಟ್ಟದ ಹೊಳೆಗಳಲ್ಲಿ ತಲೆಯ ಮೇಲೆತ್ತಿ, ಆ ಇಡೀ ದಾರಿಯನ್ನು ಹೊರೆಯಾಳುಗಳು ಹೊತ್ತು ಇಳಿಸಿದ್ದರು. ಅದರ ಬಗ್ಗೆ ಅಪ್ಪ ಜೀವಮಾನದಲ್ಲಿ ಆಡಿದ್ದು ಎರಡೇ ಮಾತು: ನಾನು ಮಲಗಿದ್ದೆ, ಅವರು ನಡೀತಿದ್ರು. ಹುಡುಗ ಲೆಸ್ಟರ್‌ಗೆ ಆ ಎರಡು ಮಾತಿನ ನಡುವೆ ತಾನು ಎಲ್ಲೋ ಸಿಕ್ಕಿಕೊಂಡಿದ್ದೇನೆ ಅನ್ನಿಸುತ್ತಿತ್ತು. ಅವರು ನಡೆದಿದ್ದರಿಂದಲೇ ಅಪ್ಪ ಬದುಕಿದ, ಮದುವೆಯಾದ, ತಾನು ಹುಟ್ಟಿದೆ. ಯಾರಿಗಾದರೂ ಥ್ಯಾಂಕ್ಸ್ ಹೇಳಬೇಕಿತ್ತು, ಆದರೆ ಹೇಳಲು ಊರಿನಲ್ಲಿ ಯಾರೂ ಇರಲಿಲ್ಲ. ಕೂದಲು ಬೆಳ್ಳಗಾದ ಮೇಲೆ ಒಬ್ಬ ಸಿಕ್ಕಿದ, ಅದೂ ದಂತವೈದ್ಯನ ಕುರ್ಚಿಯಲ್ಲಿ. ಹೊಸ ಡಾಕ್ಟರು ಬಾರ್ನಬಾಸ್, ಲೆಸ್ಟರ್‌ನ ದವಡೆಹಲ್ಲು ಕೊರೆಯುತ್ತ, ರಿಟೈರ್ ಆದಮೇಲೆ ಹೊತ್ತು ಹೇಗೆ ಹೋಗುತ್ತದೆಂದು ಕೇಳಿದ. ಬಾಯಿ ಮುಕ್ಕಳಿಸುವ ಬಿಡುವಿನಲ್ಲಿ ಲೆಸ್ಟರ್ ಆಟದ ವಿಷಯ ಹೇಳಿದ. "ಹೌದಾ? ನಮ್ಮೂರು ಆ ದಾರಿಯ ಬುಡದ ಹತ್ರಾನೇ. ನಮ್ಮ ತಾತ ಹೊರೆ ಹೊತ್ತಿದ್ದ," ಎಂದು ಡಾಕ್ಟರು ಹೇಳುವ ಹೊತ್ತಿಗೆ ಲೆಸ್ಟರ್‌ನ ಬಾಯಲ್ಲಿ ಮತ್ತೆ ಹತ್ತಿ ತುಂಬಿತ್ತು. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. "ನೋವಾಯ್ತಾ? ತಾಳು, ಇನ್ನೊಂದು ಸೂಜಿ ಹಾಕ್ತೀನಿ," ಎಂದು ಬಾರ್ನಬಾಸ್ ಹಾಕಿಯೇ ಬಿಟ್ಟ. ಇಷ್ಟು ವರ್ಷ ಕಾದಿಟ್ಟ ಥ್ಯಾಂಕ್ಸ್ ಮರಗಟ್ಟಿದ ನಾಲಗೆಯ ಕೆಳಗೇ ಉಳಿಯಿತು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಬಾರ್ನಬಾಸ್ ಕಾಲೇಜು ದಿನಗಳಿಂದ ಇಂಥ ಆಟಗಳ ಹುಚ್ಚಿನವನೆಂದು ತಿಳಿದು ಅವನನ್ನು ಆಟದ ಕ್ಲಬ್ಬಿಗೆ ಕರೆದುಕೊಂಡು ಹೋದಾಗ, ಲೆಸ್ಟರ್ ಎಲ್ಲರೆದುರು ಎದ್ದು ನಿಂತು, "ಇವನ ತಾತ ಆ ದೇವದೂತರಲ್ಲಿ ಒಬ್ಬ" ಎಂದುಬಿಟ್ಟ. ಗಾಯಾಳು ಸೈನಿಕರು ಹೊರೆಯಾಳುಗಳನ್ನು ಹಾಗೇ ಕರೆಯುತ್ತಿದ್ದರು. ದಾಳಗಳ ಸದ್ದು ನಿಂತಿತು. ಒಬ್ಬ ಮುದುಕ ಕಷ್ಟಪಟ್ಟು ಎದ್ದು ಸೆಲ್ಯೂಟ್ ಹೊಡೆದ. ಬಾರ್ನಬಾಸ್ ಎಲ್ಲರ ಕೈ ಕುಲುಕಿ, ಯಾರ ಮುಖವನ್ನೂ ನೋಡದೆ ನಕ್ಕು, "ಯಾವ ಮೇಜು ಖಾಲಿ ಇದೆ?" ಅಂದ. ಆ ನಗು ಚಪ್ಪಲಿಯೊಳಗೆ ಹೊಕ್ಕ ಹರಳಿನ ಹಾಗೆ ಲೆಸ್ಟರ್‌ನನ್ನು ಈಗಲೂ ಒತ್ತುತ್ತಿತ್ತು. ತಾನು ಅವನಿಗೆ ಏನನ್ನೋ ಕೊಡಲು ಹೋಗಿ ಅವನಿಂದ ಏನನ್ನೋ ಕಿತ್ತುಕೊಂಡೆ ಅನ್ನಿಸಿತ್ತು. ಏನೆಂದು ಮಾತ್ರ ತಿಳಿಯಲಿಲ್ಲ.

ಬಾರ್ನಬಾಸ್ ಹೇಳಿದ ಹೊತ್ತಿಗೆ ಬಂದ, ಬಗಲಲ್ಲಿ ಒಂದು ಚೀಲ ಕಿತ್ತಳೆ ಹಣ್ಣು. ನಲವತ್ತು ದಾಟಿದ, ಗಟ್ಟಿ ಕುತ್ತಿಗೆಯ ಮನುಷ್ಯ. ನಗುವ ಮೊದಲು ಎದುರಿನವರ ಹಲ್ಲು ನೋಡುವ ಅಭ್ಯಾಸ. "ಹಲ್ಲು ತುಂಬಿದ ಕಡೆಯಿಂದ ಅಗೀತಿದ್ದೀಯ ತಾನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕುರ್ಚಿ ಎಳೆದುಕೊಂಡು, "ನಾನು ಆಸ್ಟ್ರೇಲಿಯ. ನೀನು ಜಪಾನ್. ಮುದುಕ ಅಂತ ಕನಿಕರ ತೋರ್ಸಲ್ಲ, ಈಗಲೇ ಹೇಳ್ಬಿಟ್ಟಿದ್ದೀನಿ," ಅಂದ.

ಆಟ ಶುರುವಾಯಿತು. ಮೊದಲ ಸರದಿಗಳಲ್ಲಿ ಬಿಸಿಲು ಬಿತ್ತು. ಲೆಸ್ಟರ್‌ನ ತುಕಡಿಗಳು ಕರಾವಳಿಯಿಂದ ಏರತೊಡಗಿದವು; ಬಾರ್ನಬಾಸ್ ಒಂದೊಂದೇ ಏರನ್ನು ಹಿಡಿದು ನಿಂತು, ಹೊಡೆದು, ಕತ್ತಲಾಗುವ ಮೊದಲು ಮುಂದಿನ ಏರಿಗೆ ಜಾರಿಕೊಳ್ಳುತ್ತಿದ್ದ. ಎತ್ತರದಲ್ಲಿ ಕೂತವನಿಗೆ ಬಲ ಹೆಚ್ಚೆನ್ನುವುದನ್ನು ಅವನು ಚೆನ್ನಾಗಿ ಹಿಂಡಿಕೊಂಡ. ಆಮೇಲೆ ಜಡಿಮಳೆ ಬಿತ್ತು. ಬಾರ್ನಬಾಸ್ ಸೈನಿಕರ ಜ್ವರ, ಭೇದಿಗೆ ದಾಳ ಹಾಕಿದ, ಒಂದು ತುಕಡಿಯನ್ನು ತಿರುಗಿಸಿಟ್ಟು ದುರ್ಬಲವೆಂದು ಗುರುತು ಮಾಡಿದ. ಹೊರೆಯಾಳುಗಳ ಬಿಲ್ಲೆಗಳನ್ನು ಏರಿನ ಮೇಲಕ್ಕೆ ಜರುಗಿಸಿ, ದಾಳ ಕೈಯಲ್ಲಿ ಹಿಡಿದು ಕಾದ.

"ಅವರಿಗೆ ಬೇಡ," ಅಂದ ಲೆಸ್ಟರ್.

"ಜ್ವರಕ್ಕೂ ಬೇಡ್ವಾ?"

"ಬೇಡ."

"ಕಾಲು ಜಾರಲ್ವಾ ಇವರಿಗೆ?"

"ಆಟ ತುಂಬಾ ತೊಡಕಾಗತ್ತೆ ಅಂತ..." ಲೆಸ್ಟರ್‌ಗೆ ತನ್ನ ದನಿ ಅಂಗಡಿಯವನ ದನಿಯ ಹಾಗೆ ಕೇಳಿಸಿತು.

ಬಾರ್ನಬಾಸ್ ಮುಂದಿನ ಸರದಿ ಆಡಿದ. ಮತ್ತೆ ಮಳೆ. ಅವನು ಹೊರೆಯಾಳುಗಳನ್ನು ನೇರ ಅತಿ ಎತ್ತರದ ಏರಿಗೆ ಹತ್ತಿಸಿದ, ಹಿಂದಿರುಗಿಸಿದ, ಇನ್ನೊಂದು ಏರಿಗೆ ಹತ್ತಿಸಿದ. ಅವನ ಸೈನಿಕರಿಗೆ ಅಕ್ಕಿಯೂ ಗುಂಡೂ ಧಾರಾಳ ಬಂದವು. ಲೆಸ್ಟರ್‌ನ ತುಕಡಿಗಳು ಹಸಿದು ನಿಂತವು. ಗೆಲ್ಲುತ್ತಿರುವವನ ಮುಖದಲ್ಲಿ ಗೆಲುವಿರಲಿಲ್ಲ. ಕೊನೆಗೆ ಅವನು ದಾಳವನ್ನು ಮೇಜಿನ ಅಂಚಿಗೆ ಇಟ್ಟ.

"ನಿನ್ನ ಮಳೇಲಿ ನಮ್ಮೋರು ನೆನೆಯೋದೇ ಇಲ್ವಲ್ಲ, ಮಾರಾಯ."

ಲೆಸ್ಟರ್ ಕಿತ್ತಳೆಯ ಸಿಪ್ಪೆಯನ್ನು ಬೆರಳಲ್ಲಿ ಚೂರು ಮಾಡುತ್ತಿದ್ದ. ಚಿಕ್ಕವನಿದ್ದಾಗ ಪಕ್ಕದ ಮನೆಯ ಹುಡುಗನನ್ನು ಓಟದಲ್ಲಿ ಬೇಕೆಂದೇ ಗೆಲ್ಲಿಸಿದ್ದ, ಆ ಹುಡುಗನ ಅಮ್ಮ ಸತ್ತಿದ್ದಳೆಂದು. ಹುಡುಗ ಗೆದ್ದ ಜಾಗದಲ್ಲೇ ನಿಂತು ಅವನ ಮೇಲೆ ಮಣ್ಣು ಎರಚಿದ್ದ. "ನಿಯಮ ಇತ್ತು," ಎಂದ ಲೆಸ್ಟರ್. "ನಿನ್ನೆ ತೆಗೆದೆ. ನೀನು ಬರ್ತೀಯ ಅಂತ."

"ಓಹೋ." ಬಾರ್ನಬಾಸ್ ಹಲ್ಲಿನ ಸಂದಿಯಿಂದ ಉಸಿರು ಬಿಟ್ಟ. "ನನಗೆ ಬಿಟ್ಟುಕೊಡ್ತಿದ್ದೀಯ. ಬಿಟ್ಟುಕೊಟ್ಟು ಗೆದ್ರೆ ಅದೊಂದು ಗೆಲುವಾ? ಹಾಕು ವಾಪಸ್."

"ನಿಂಗೆ ಬೇಜಾರಾಗಲ್ವಾ?"

"ಆಗತ್ತೆ. ಹಾಕು."

ಮೊದಲಿನಿಂದ ಆಡಿದರು. ಈ ಸಲ ಮಳೆ ಬೇಗ ಬಂತು. ಬಾರ್ನಬಾಸ್ ಹಿಂದುಮುಂದು ನೋಡದೆ ಹೊರೆಯಾಳುಗಳನ್ನು ಹತ್ತಿಸಿದ, ದಾಳ ಹಾಕಿದ, "ಹೋಯ್ತು" ಎಂದು ಬಿಲ್ಲೆಯನ್ನು ಉಗುರಿನಿಂದ ಎತ್ತಿ ಪೆಟ್ಟಿಗೆಗೆ ಹಾಕಿದ. "ಇದು ಉಳೀತು. ಇದೂ ಹೋಯ್ತು." ಅವನ ಬೆರಳುಗಳು ಹಲ್ಲು ಕೀಳುವಾಗ ಇರುವಷ್ಟೇ ನೆಮ್ಮದಿಯಾಗಿದ್ದವು. ಪೆಟ್ಟಿಗೆಯ ತಳಕ್ಕೆ ಬಿಲ್ಲೆ ಬೀಳುವ ಚಿಕ್ಕ ಸದ್ದಿಗೆ ಲೆಸ್ಟರ್‌ನ ಕಿವಿ ಅಂಟಿಕೊಂಡಿತು. ಹಿಂದಿನಿಂದ ಸುತ್ತುವರಿಯಲು ಒಳ್ಳೆಯ ಮಳೆಯಿತ್ತು, ಅವನು ಅದನ್ನು ಬಳಸಲಿಲ್ಲ. ನೇರ ಏರಿಗೆ ನುಗ್ಗಿ ಎರಡು ತುಕಡಿ ಕಳೆದುಕೊಂಡ. ಮೇಜಿನಾಚೆಯ ಆ ಕೈಗಳ ಬಣ್ಣ, ಆ ಮಣಿಕಟ್ಟು. ಅಪ್ಪನ ಮುಖದ ಮೇಲೆ ಬೀಳುವ ಮಳೆಗೆ ಬಾಳೆಎಲೆ ಅಡ್ಡ ಹಿಡಿದ ಕೈ ಇಂಥದ್ದೇ ಇರಬೇಕು. ತಾನು ಮಾತಾಡುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು ಅರ್ಧ ಹೇಳಿ ಮುಗಿದ ಮೇಲೆ. ಅಪ್ಪನ ತೊಡೆ, ಕಂಬಳಿ, ಹೊಳೆ, ಆ ಎರಡು ಮಾತು, ದಂತವೈದ್ಯನ ಕುರ್ಚಿ. "ಆವತ್ತು ನೋವಾಗಿರ್ಲಿಲ್ಲ," ಎಂದ. "ನಿಂಗೆ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ. ಹೊತ್ತವರಲ್ಲಿ ನಿಮ್ಮ ತಾತನೂ ಇದ್ರೋ ಏನೋ."

ಥೀಯಾ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಬಾರ್ನಬಾಸ್ ದಾಳವನ್ನು ಅಂಗೈಯಲ್ಲಿ ಉರುಳಿಸುತ್ತಿದ್ದ.

"ಇರಲಾರ," ಅಂದ. "ನಮ್ಮ ತಾತ ಓಡಿಹೋದ."

ಥೀಯಾ ತಟ್ಟೆಯನ್ನು ಮೇಜಿನ ಅಂಚಿಗೆ ಇಟ್ಟಳು.

"ಮೂರನೇ ಸಲ ಹೊರೆ ಹೊತ್ತು ಹತ್ತುವಾಗ. ಹಿಂಗೇ ಜಡಿಮಳೆ. ಮುಂದಿನೋನ ಬೆನ್ನು ಕಾಣ್ತಿರ್ಲಿಲ್ಲವಂತೆ. ಉಚ್ಚೆಗೆ ಅಂತ ಪೆಟ್ಟಿಗೆ ಕೆಳಗಿಟ್ಟು ಪಕ್ಕಕ್ಕೆ ಹೋದ, ಸಾಲು ಮುಂದೆ ಹೋಗ್ಬಿಡ್ತು, ಯಾರೂ ಕೂಗಲಿಲ್ಲ. ಅಲ್ಲೇ ಪೊದೆಯಲ್ಲಿ ನಿಂತು ಯೋಚನೆ ಮಾಡಿದನಂತೆ, ಈ ಮಳೆ ನನ್ನ ಕಡೆಗಿದೆ ಅಂತ. ಹೆಜ್ಜೆ ಗುರುತು ಅಳಿಸತ್ತೆ, ಸದ್ದು ಮುಚ್ಚತ್ತೆ, ಬೆನ್ನಟ್ಟೋಕೆ ಯಾರೂ ಬರಲ್ಲ. ಹೊಳೆ ಹಿಡಿದು ಇಳಿದ. ಊರಿಗೆ ಬಂದು ಗೆಣಸಿನ ತೋಟದಲ್ಲಿ ಅಡಗಿ ಕೂತ. ಅಜ್ಜಿ ಕತ್ತಲಾದ್ಮೇಲೆ ಊಟ ಕೊಂಡು ಹೋಗ್ತಿದ್ಲು. ನಮ್ಮಪ್ಪ ಹುಟ್ಟಿದ್ದು ಅದರ ಮುಂದಿನ ವರ್ಷ."

"ಆಮೇಲೆ?" ಎಂದಳು ಥೀಯಾ.

"ಆಮೇಲೆ ಏನು? ನಾನು ಸ್ಕೂಲಲ್ಲಿದ್ದಾಗ ನಿಮ್ಮ ದೇಶದ ಕೆಲವರು ಹೊರೆಯಾಳುಗಳಿಗೆ ಸನ್ಮಾನ ಮಾಡ್ತೀವಿ ಅಂತ ಬಂದ್ರು. ಕ್ಯಾಮೆರಾ, ಹೂವು, ಎಲ್ಲಾ. ತಾತನಿಗೆ ಇವರು ಹಿಡ್ಕೊಂಡು ಹೋಗೋಕೇ ಬಂದಿದ್ದಾರೆ ಅನ್ನಿಸ್ತು. ಅಷ್ಟು ವಯಸ್ಸಿನೋನು ಮತ್ತೆ ತೋಟಕ್ಕೆ ಓಡಿ ಅಡಗಿ ಕೂತ." ಬಾರ್ನಬಾಸ್ ನಕ್ಕ, ನಗು ಅರ್ಧಕ್ಕೆ ನಿಂತಿತು. "ಹೆಸರು ಕೂಗ್ತಾನೇ ಇದ್ರು."

ಲೆಸ್ಟರ್‌ಗೆ ಕಾಣಿಸಿದ್ದು ತೋಟವಲ್ಲ. ಕೆಸರಿನ ದಾರಿಯಲ್ಲಿ ಕೆಳಗಿಟ್ಟ ಒಂದು ಕಂಬಳಿಯ ಡೋಲಿ, ಅದರಲ್ಲಿ ಒಬ್ಬ ಹುಡುಗ, ಸುತ್ತ ಯಾರೂ ಇಲ್ಲ. ಇಷ್ಟು ವರ್ಷದ ಋಣಭಾವ ಇಷ್ಟು ಸಲೀಸಾಗಿ ಸಿಟ್ಟಾಗಬಲ್ಲದೆಂದು ಅವನಿಗೆ ತಿಳಿದಿರಲಿಲ್ಲ. "ನಮ್ಮಪ್ಪನ್ನ ಹೊತ್ತೋರೂ ಹಂಗೇ ಹೊರಟುಹೋಗಿದ್ರೆ?" ಎಂದ.

"ಲೆಸ್ಟರ್," ಅಂದಳು ಥೀಯಾ.

"ಕೇಳ್ಲಿ ಬಿಡು," ಅಂದ ಬಾರ್ನಬಾಸ್. "ಹೊರಟುಹೋಗಿದ್ರೆ ನೀನು ಇರ್ತಿರ್ಲಿಲ್ಲ. ನಮ್ಮ ತಾತ ಓಡದೇ ಇದ್ದಿದ್ರೆ ನಾನು ಇರ್ತಿರ್ಲಿಲ್ಲವೇನೋ. ಯಾರಿಗೆ ಗೊತ್ತು? ಕ್ಲಬ್ಬಲ್ಲಿ ನೀನು ಎದ್ದು ನಿಂತು ದೇವದೂತ ಅಂದಾಗ, ಈ ಮನುಷ್ಯನಿಗೆ ಹೇಳಿಬಿಡ್ಬೇಕು ಅನ್ನಿಸ್ತು. ಆ ಅಜ್ಜ ಸೆಲ್ಯೂಟ್ ಹೊಡೆದ್ಬಿಟ್ನಲ್ಲ, ಹೆಂಗೆ ಹೇಳ್ಲಿ?"

ಅವನು ಒಂದು ಸ್ಯಾಂಡ್‌ವಿಚ್ ತೆಗೆದುಕೊಂಡು ತಿಂದ. ಎದುರು ಮನೆಯಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಿದರು. ಲೆಸ್ಟರ್ ನಕ್ಷೆ ನೋಡುತ್ತ ಕೂತ. ಸಿಟ್ಟು ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲೇ ಇನ್ನೇನೋ ಕದಲುತ್ತಿತ್ತು. ಗುಡ್ಡದ ಮೇಲೆ ನಿಂತು ಹಳಿಗೆ ದಾರಿ ಹುಡುಕುವಾಗ ಆಗುತ್ತಿದ್ದ ಹಾಗೆ. ಜಡಿಮಳೆಯನ್ನು ತಾನು ನಡೆಯುವವರಿಗೆ ಬರೆದೆ, ಗುಂಡು ಹಾರಿಸುವವರಿಗೆ ಬರೆದೆ, ಹಿಂದಿನಿಂದ ಬಂದು ಕೊಲ್ಲುವವರಿಗೂ ಬರೆದೆ. ಬಿಟ್ಟುಹೋಗುವವನಿಗೆ ಅದೇ ಮಳೆ, ಅದೇ ಕಾಡು ಏನಾಗುತ್ತದೆ?

"ಊರು ಹತ್ತಿರ ಇದ್ದಷ್ಟೂ ಬಿಟ್ಟುಹೋಗೋದು ಹೆಚ್ಚಾಗ್ಬೇಕು," ಎಂದ ಮೆಲ್ಲಗೆ.

ಬಾರ್ನಬಾಸ್ ತಲೆ ಎತ್ತಿದ.

"ಬಯಲಲ್ಲಿ ಆಗಲ್ಲ. ಕಾಡಿನ ಮನೆ, ಜಡಿಮಳೆ, ಎರಡೂ ಸೇರಬೇಕು. ಜೊತೇಲಿ ಸಾರ್ಜೆಂಟ್ ಇದ್ರೆ ದಾಳಕ್ಕೆ ಒಂದು ಕಡಿಮೆ."

"ಸಾರ್ಜೆಂಟ್‌ಗೂ ಕಾಣ್ಬೇಕಲ್ಲ ಆ ಮಳೇಲಿ?"

"ಸರಿ, ಜಡಿಮಳೇಲಿ ಅವನ ಆಟ ನಡೆಯಲ್ಲ." ಲೆಸ್ಟರ್ ಪೆನ್ಸಿಲ್ ಹುಡುಕಿದ. ಇಬ್ಬರೂ ನಕ್ಷೆಯ ಮೇಲೆ ಬಗ್ಗಿದರು, ಹಣೆಗೆ ಹಣೆ ತಾಗುವಷ್ಟು. ಸ್ವಲ್ಪ ಹೊತ್ತಿನ ಮೇಲೆ ಬಾರ್ನಬಾಸ್ ಮುಖ ಎತ್ತದೆಯೇ ಹೇಳಿದ: "ಇನ್ನೊಂದು ಬರಿ. ಒಬ್ಬ ಹೋದ್ರೆ ಅವನ ಹೊರೆ ಪಕ್ಕದೋನ ಮೇಲೆ. ಪಕ್ಕದೋನ ದಾಳ ಇನ್ನೂ ಕೆಡತ್ತೆ."

"ಅದು ಯಾಕೆ? ಸಾಮಾನು ಅಲ್ಲೇ ಬಿತ್ತು ಅಂದ್ರೆ ಸಾಕಲ್ವಾ?"

"ಹಿಂದೆ ಬರ್ತಿದ್ದೋರು ಅದನ್ನ ಬಿಟ್ಟು ಹೋಗ್ಲಿಲ್ಲ. ತಾತನ ಪೆಟ್ಟಿಗೆ ಅಜ್ಜಿಯ ತಮ್ಮನ ಮೇಲೆ ಬಂತು. ಅವನು ಮೇಲಿನ ಏರು ದಾಟಲಿಲ್ಲ. ಅಜ್ಜಿ ಊಟ ಕೊಂಡು ಹೋಗ್ತಿದ್ಲು ಅಂದೆನಲ್ಲ, ಗಂಡನ ಹತ್ರ ಮಾತಾಡ್ತಿರ್ಲಿಲ್ಲ. ಕೊನೇವರೆಗೂ ಆಡಿದ್ದು ಲೆಕ್ಕದ ಮಾತು." ಅವನು ಬೆರಳಿಗೆ ಅಂಟಿದ ಬೆಣ್ಣೆ ಒರೆಸಿಕೊಂಡ. "ಬರಿ, ಬರಿ."

ಲೆಸ್ಟರ್ ಬರೆದ. ಬರೆದಾದ ಮೇಲೆ ಹೊಸ ತೊಡಕೊಂದು ಎದುರಾಯಿತು. ಹೊರಟುಹೋದ ಬಿಲ್ಲೆಯನ್ನು ಇಡುವುದೆಲ್ಲಿ? ಸತ್ತವರ ಪೆಟ್ಟಿಗೆಗೆ ಹಾಕುವ ಹಾಗಿಲ್ಲ. "ನಿಮ್ಮೂರು ಎಲ್ಲಿ ಬರತ್ತೆ?" ಎಂದು ಕೇಳಿದ. ಬಾರ್ನಬಾಸ್ ಕಾಲುದಾರಿಯ ಬುಡದಿಂದ ಹೊಳೆಗುಂಟ ಬೆರಳು ಜರುಗಿಸುತ್ತ ಹೋಗಿ, ನಕ್ಷೆಯ ಮೂಲೆಯಲ್ಲಿ ಅಚ್ಚಾಗಿದ್ದ ಒಂದು ಚೌಕದ ಮೇಲೆ ನಿಲ್ಲಿಸಿದ. ಅದು ಮಳೆಯ ಕೋಷ್ಟಕ. ಯಾವ ದಾಳಕ್ಕೆ ಯಾವ ಹವೆ ಎನ್ನುವುದರ ಪಟ್ಟಿ. ಕೋಷ್ಟಕಕ್ಕೆ ಜಾಗ ಬೇಕಾದಾಗ ಲೆಸ್ಟರ್ ಆ ಮೂಲೆಯನ್ನು ಆರಿಸಿಕೊಂಡಿದ್ದ, ಯುದ್ಧ ಅಲ್ಲಿಗೆ ಬಂದಿರಲಿಲ್ಲವಾದ್ದರಿಂದ. ಅಲ್ಲಿ ಏನೂ ಇಲ್ಲ ಎಂದುಕೊಂಡಿದ್ದ.

ಅವನು ಎದ್ದು ಬಿಳಿ ಕಾಗದ, ಅಂಟು, ಅಳತೆಪಟ್ಟಿ ತಂದ. ಕೋಷ್ಟಕವನ್ನು ಬೇರೆ ಹಾಳೆಗೆ ಇಳಿಸಿಕೊಂಡು, ಅದರ ಜಾಗದಲ್ಲಿ ಕಾಗದ ಅಂಟಿಸಿ, ಗೆರೆ ಜೋಡಿಸಿ, ಆರು ಮೂಲೆಯ ಮನೆಗಳನ್ನು ಎಳೆದ. ಹೊಳೆ ಎಲ್ಲಿ ತಿರುಗುತ್ತದೆ, ತೋಟ ಎಷ್ಟು ಅಗಲ, ಎಲ್ಲಿ ಜೌಗು ಎಂದು ಒಂದೊಂದಾಗಿ ಕೇಳಿ ಬಣ್ಣದ ಪೆನ್ಸಿಲಿನಲ್ಲಿ ತುಂಬಿದ. "ತೋಟದಲ್ಲಿ ಅಡಗಿದವನು ಕಾಣ್ತಾನಾ?" ಎಂದು ಕೇಳಿದಾಗ ಬಾರ್ನಬಾಸ್, "ಗೆಣಸಿನ ಬಳ್ಳಿ ಮಾರಾಯ, ಮೊಣಕಾಲಿಗೂ ಬರಲ್ಲ. ಇಡೀ ಊರಿಗೆ ಕಾಣ್ತಿದ್ದ," ಎಂದು ಈ ಸಲ ಪೂರಾ ನಕ್ಕ. ಥೀಯಾಳೂ ನಕ್ಕಳು.

ಮಧ್ಯಾಹ್ನವೆಲ್ಲ ಆಡಿದರು. ಮತ್ತೆ ಮತ್ತೆ ಜಡಿಮಳೆ ಬಿದ್ದು ಬಾರ್ನಬಾಸ್‌ನ ಹೊರೆಯಾಳುಗಳು ಒಬ್ಬೊಬ್ಬರಾಗಿ ಮೂಲೆಯ ಊರಿಗೆ ಇಳಿದರು. ಉಳಿದವರು ಏರಿನಲ್ಲಿ ಬಿದ್ದರು. ಮೇಲಿನ ತುಕಡಿಗಳಿಗೆ ಗುಂಡು ಮುಗಿಯಿತು. ಲೆಸ್ಟರ್ ಈ ಸಲ ಮಳೆಯನ್ನು ಬಿಡಲಿಲ್ಲ. ಎಡಗಡೆಯ ಕಣಿವೆಯಿಂದ ಕಾಣದ ಹಾಗೆ ಸುತ್ತಿ ಬಂದು ದಾರಿ ಕಡಿದ. ಕೊನೆಯ ಏರು ಅವನ ಕೈಗೆ ಬಿದ್ದಾಗ ಬಾರ್ನಬಾಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ಥೂ! ನಿಯಮ ಹೇಳಿಕೊಟ್ಟು ಸೋತೋನು ನಾನೊಬ್ಬನೇ ಇರ್ಬೇಕು."

"ನಾನೇನೂ ಬಿಟ್ಟುಕೊಡ್ಲಿಲ್ಲ," ಅಂದ ಲೆಸ್ಟರ್. ಎದೆಯಲ್ಲಿ ಚಿಕ್ಕ ಹುಡುಗನ ಸಣ್ಣ, ನೀಚ, ಸುಖದ ಕುಣಿತವಿತ್ತು. ಈ ಮನುಷ್ಯನ ಎದುರು ಇಂಥದ್ದೊಂದು ಸಂತೋಷ ಸಾಧ್ಯವೆಂದು ಬೆಳಿಗ್ಗೆ ಅವನಿಗೆ ಗೊತ್ತಿರಲಿಲ್ಲ.

"ಮೆರೆಯಬೇಡ. ನಾಳೆ ಚರ್ಚ್ ಮುಗಿಸಿ ಬರ್ತೀನಿ. ನಾನು ಜಪಾನ್. ಆಮೇಲೆ ಆ ಹಲ್ಲಿಗೆ ಸೂಜಿ ಇಲ್ದೇ ಕೊರೀತೀನಿ, ನೋಡ್ತಿರು." ಹೋಗುವಾಗ ಉಳಿದ ಕಿತ್ತಳೆಗಳನ್ನು ಥೀಯಾಳ ಕೈಗೆ ಕೊಟ್ಟು, ಮೆಟ್ಟಿಲಿಳಿದು, ಕಾರಿನ ಕಿಟಕಿಯಿಂದ ಇನ್ನೊಮ್ಮೆ ಬೈದು ಹೋದ.

ಸಂಜೆಯ ಬಿಸಿಲು ಮೇಜಿನ ಕಾಲಿನವರೆಗೆ ಬಂದಿತ್ತು. ಲೆಸ್ಟರ್ ಬಿಲ್ಲೆಗಳನ್ನು ಎತ್ತಿಡತೊಡಗಿದ. ಜಪಾನಿನವರು ಅವರ ಪೆಟ್ಟಿಗೆಗೆ, ಆಸ್ಟ್ರೇಲಿಯದವರು ಅವರ ಪೆಟ್ಟಿಗೆಗೆ. ಸತ್ತವರನ್ನು ಬೇರೆ ಮಾಡಿ ಅವರವರ ಕಡೆಗೆ ಸೇರಿಸಿದ. ಕೊನೆಗೆ ಮೂಲೆಯ ಊರಿನಲ್ಲಿ ಕೂತಿದ್ದ ಕಂದು ಬಿಲ್ಲೆಗಳ ಮೇಲೆ ಅವನ ಕೈ ನಿಂತಿತು. ಒಂದನ್ನು ಎತ್ತಿದ, ಎರಡೂ ಪೆಟ್ಟಿಗೆಗಳನ್ನು ನೋಡಿದ, ಮತ್ತೆ ಅಲ್ಲೇ ಇಟ್ಟ.

"ಮೇಜು ಖಾಲಿ ಮಾಡ್ತೀಯಾ? ತಟ್ಟೆ ಇಡ್ಬೇಕು," ಎಂದಳು ಥೀಯಾ ಒಳಗಿನಿಂದ.

"ಇವತ್ತು ವರಾಂಡದಲ್ಲಿ ಊಟ ಮಾಡೋಣ."

ಅವಳು ಬಂದು ನಕ್ಷೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, ತಟ್ಟೆಗಳನ್ನು ಎತ್ತಿಕೊಂಡು ಹೊರಗೆ ನಡೆದಳು.